ನಾಲ್ಕನೇ ಮಹಡಿಯ ಸಿಂಕು

ಮಾರ್ಚ್ 3, ಸೋಮವಾರ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿ, ನಿವೃತ್ತಿಯ ದಿನ ಪಾಠದ ಸಹವಾಸದಿಂದಲೇ ಕೈ ತೊಳೆದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಕೈ ತೊಳೆಯುವ ಪಾಠ ಕೇಳಿಸಿಕೊಂಡೆ. ವಿಧಿಗೆ ಹಾಸ್ಯಪ್ರಜ್ಞೆ ಇದೆ, ಸಮಯಪ್ರಜ್ಞೆ ಇಲ್ಲ.

ಪಾಠ ಹೇಳಿದವರು ಸೋಂಕು ತಡೆ ವಿಭಾಗದ ಹಿರಿಯ ಸಿಸ್ಟರ್. ಕುಳ್ಳಗೆ, ಗಟ್ಟಿಯಾಗಿ, ಉಗುರು ನೋಡಿಯೇ ಮನುಷ್ಯನ ಪೂರ್ವಚರಿತ್ರೆ ಹೇಳುವವರು. ನಂಜಿನ ಮೇಲೆ ಇಷ್ಟು ಹಗೆ ಇಟ್ಟುಕೊಂಡವರಿಗೆ ನಂಜಮ್ಮ ಎಂದು ಹೆಸರಿಟ್ಟಿದ್ದೇನೆ. ಹೆಸರು ಈ ಪುಸ್ತಕದೊಳಗೆ ಮಾತ್ರ. ಎದುರಿಗೆ ಬಾಲ ಮುದುರಿದ "ಸಿಸ್ಟರ್".

"ಅಂಗೈ, ಮುಂಗೈ, ಬೆರಳ ಸಂದಿ, ಬೆರಳ ತುದಿ, ಮಣಿಕಟ್ಟು. ಹೆಬ್ಬೆರಳು ಮಾತ್ರ ಎಲ್ಲರೂ ಮರೀತೀರ," ಎಂದರು.

"ಸಹಿ ಕಲಿತವರು ಹೆಬ್ಬೆಟ್ಟು ಮರೆಯೋದು ಸಹಜ ಅಲ್ವಾ ಸಿಸ್ಟರ್?" ಎಂದೆ. ಹದಿನಾಲ್ಕು ಜನ ನಕ್ಕರು. ಹದಿನೈದನೆಯವರು ನಂಜಮ್ಮ.

ಈ ಇಳಿವಯಸ್ಸಿನಲ್ಲಿ ಸ್ವಯಂಸೇವಕನಾಗುವ ಹುಚ್ಚು ಯಾಕೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳಬೇಕಾಗಿಲ್ಲ. ಅಕ್ಕ ನಾಲ್ಕನೇ ಮಹಡಿಯಲ್ಲಿದ್ದಾಳೆ. ರಕ್ತದ ಕ್ಯಾನ್ಸರ್. ಈಗ ಕೊಡುತ್ತಿರುವ ಔಷಧಿ ಕೆಟ್ಟ ಕಣಗಳ ಜೊತೆಗೆ ಒಳ್ಳೆಯ ಬಿಳಿ ಕಣಗಳನ್ನೂ ಗುಡಿಸಿಹಾಕುತ್ತದಂತೆ. ಹೊಸವು ಹುಟ್ಟಲು ಮೂರು ನಾಲ್ಕು ವಾರ ಬೇಕು. "ಅಲ್ಲೀವರೆಗೆ ಅವರ ಮೈಗೆ ಕಾವಲೇ ಇರಲ್ಲ. ಒಂದು ನೆಗಡಿ ಸಾಕು," ಎಂದಿದ್ದಾರೆ ದೊಡ್ಡ ಡಾಕ್ಟರು. ಹಾಗಾಗಿ ನೋಡಲು ಬಿಡುವುದು ಸಂಜೆ ನಾಲ್ಕರಿಂದ ಐದು, ಒಬ್ಬರಿಗೆ. ಸ್ವಯಂಸೇವಕರ ಹಸಿರು ಬ್ಯಾಡ್ಜು ಕಂಡರೆ ಮಾತ್ರ ಬಾಗಿಲಿನ ಕಾವಲುಗಾರ ತಲೆಯೆತ್ತುವುದಿಲ್ಲ. ಅರ್ಜಿಯಲ್ಲಿ ಉದ್ದೇಶ ಕೇಳಿದ್ದರು. "ಸಮಾಜಸೇವೆ" ಎಂದು ಬರೆದೆ. ಅಕ್ಕನೂ ಸಮಾಜದ ಒಂದು ಭಾಗ, ತರ್ಕದೋಷವೇನಿಲ್ಲ.

ಸಂಜೆ ಅವಳಿಗೆ ಹೇಳಿದೆ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಕತ್ತರಿ ಕೆಳಗಿಟ್ಟಿದ್ದಾಳೆ, ನಾಲಿಗೆ ಇಟ್ಟಿಲ್ಲ. "ಅಂತೂ ನಿನಗೆ ಕೈ ತೊಳೆಯೋಕೆ ಬರಲ್ಲ ಅಂತ ಇನ್ನೊಬ್ಬರಿಗೂ ಗೊತ್ತಾಯ್ತಲ್ಲೋ," ಎಂದಳು.

ಮಾರ್ಚ್ 5, ಬುಧವಾರ

ಎರಡನೇ ಪಾಠ: ಮಾಸ್ಕು, ಗ್ಲೌಸು, ಕಸದ ಬಕೆಟ್ಟುಗಳ ಬಣ್ಣ. ಎಲ್ಲದರಲ್ಲೂ ಮೂಗು ತೂರಿಸುವ ನಮ್ಮ ಜನ ಮಾಸ್ಕಿನೊಳಕ್ಕೆ ಮಾತ್ರ ತೂರಿಸುವುದಿಲ್ಲ ಎಂದೆ. ನಂಜಮ್ಮ ನನ್ನ ಮಾಸ್ಕನ್ನು ಮೂಗಿನ ಮೇಲೆ ಒತ್ತಿ ಕೂರಿಸಿದರು, ಹಾರ್ಮೋನಿಯಂ ಮುಚ್ಚುವ ಹಾಗೆ.

ನನ್ನ ಪಕ್ಕ ನಿವೃತ್ತ ಪೋಸ್ಟ್ ಮಾಸ್ತರು. ಮೂವತ್ತು ವರ್ಷದಿಂದ ಬೆರಳಿನಲ್ಲಿ ಕೂತ ಉಂಗುರ. ಉಂಗುರದ ಕೆಳಗೆ ಕ್ರಿಮಿ ಸಂಸಾರ ಹೂಡುತ್ತದೆ, ತೆಗೆಯಿರಿ ಎಂದರೆ, "ಬರೋದಿಲ್ಲ ತಾಯಿ, ರಿಜಿಸ್ಟರ್ಡ್ ಪೋಸ್ಟು," ಎಂದರು. ನಂಜಮ್ಮ ಸೋಪು ಹಚ್ಚಿ ಎರಡು ತಿರುವಿನಲ್ಲಿ ಡೆಲಿವರಿ ಮಾಡಿಸಿಬಿಟ್ಟರು. ಮಾಸ್ತರು ಆಮೇಲೆ ಇಡೀ ಗಂಟೆ ಬೆರಳಿನ ಬಿಳಿ ಗುರುತನ್ನು ಸವರುತ್ತಾ ಕೂತಿದ್ದರು.

ಬ್ಯಾಡ್ಜು ಸಿಕ್ಕಿತು. ಆದರೆ ನನ್ನನ್ನು ಹಾಕಿರುವುದು ಮೂರನೇ ಮಹಡಿಗೆ. ನಾಲ್ಕಕ್ಕೆ ಹೊಸಬರನ್ನು ಕಳಿಸುವುದಿಲ್ಲವಂತೆ. ಒಂದೇ ಮಹಡಿಯಷ್ಟು ದೂರ, ಅಂದರೆ ಇಪ್ಪತ್ತೆರಡು ಮೆಟ್ಟಿಲು.

ಮಾರ್ಚ್ 7, ಶುಕ್ರವಾರ

ಕೆಲಸ ಶುರು. ಒಗೆದ ಕಂಬಳಿ, ನೀರಿನ ಬಾಟಲಿ ತುಂಬಿದ ತಳ್ಳುಗಾಡಿ. ಎಂಟಕ್ಕೆ ಗ್ಲೌಸು ಏರಿಸಿಕೊಂಡವನು ಹನ್ನೆರಡಕ್ಕೇ ತೆಗೆದದ್ದು. ಇನ್ನು ನನ್ನನ್ನು ಯಾವ ಕ್ರಿಮಿ ಮುಟ್ಟೀತು?

ಹತ್ತೂವರೆಗೆ ಲಿಫ್ಟಿನಲ್ಲಿ ನಾಲ್ಕಕ್ಕೆ ಹಾರಿದೆ. ಕಾವಲುಗಾರ ಬ್ಯಾಡ್ಜು ನೋಡಿದ, ಮುಖ ನೋಡಲಿಲ್ಲ. ಅಕ್ಕ ವಾಂತಿ ಮಾಡಿಕೊಂಡು ಸುಸ್ತಾಗಿದ್ದಳು. ನೀರು ಕುಡಿಸಿ, ಬಾಯಿ ಒರೆಸಿ, ಜಾರಿದ ಕನ್ನಡಕ ಸರಿ ಮಾಡಿ ಬಂದೆ. ಎಲ್ಲವೂ ಗ್ಲೌಸಿನ ಕೈಯಲ್ಲಿ, ಶಾಸ್ತ್ರೋಕ್ತವಾಗಿ.

"ನೀನು ಬಂದ್ರೆ ಗೋಡೆ ಸ್ವಲ್ಪ ಹಿಂದಕ್ಕೆ ಸರಿಯುತ್ತೆ ಕಣೋ," ಎಂದಳು. ಅಕ್ಕನ ಬಾಯಲ್ಲಿ ಹೊಗಳಿಕೆ! ಔಷಧಿಯ ಅಡ್ಡಪರಿಣಾಮ ಇರಬೇಕು.

ಮಾರ್ಚ್ 10, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಾಳೆ ಇದನ್ನು ತಮಾಷೆಯ ಕಥೆ ಮಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತೇನೆ.

ಬೆಳಿಗ್ಗೆ ನಮಗೆ ಹೇಳದೆ ನಂಜಮ್ಮ ತಳ್ಳುಗಾಡಿಗಳ ಹಿಡಿಗೆ ಒಂದು ಪುಡಿ ಸವರಿದ್ದರು. ಕಣ್ಣಿಗೆ ಕಾಣದು, ನೀಲಿ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಹನ್ನೆರಡಕ್ಕೆ ಸಾಲಾಗಿ ನಿಲ್ಲಿಸಿ ದೀಪ ಹಿಡಿದರು. ನನ್ನ ಗ್ಲೌಸು ಮಿಂಚಿತು. ಅದು ಸರಿ. ಪೆನ್ನು ಮಿಂಚಿತು, ಮಾಸ್ಕು ಮಿಂಚಿತು, ಕಿವಿಯ ತುದಿ ಮಿಂಚಿತು. ಮೂರನೇ ಮಹಡಿಯಲ್ಲಿ ಹತ್ತು ಮಂಚಗಳ ಕಂಬಿ, ಎಂಟು ನೀರಿನ ಲೋಟ. ಯಾರ ಮನೆಗೆ ಎಷ್ಟು ಹೊತ್ತಿಗೆ ಹೋದೆನೆಂದು ಊರೆಲ್ಲ ಡಂಗುರ ಹೊಡೆದ ಹಾಗೆ.

"ಗ್ಲೌಸ್ ಹಾಕಿದ್ದೆನಲ್ಲ ಸಿಸ್ಟರ್?"

"ಹಾಕಿದ್ರಿ. ಅದು ನಿಮ್ಮ ಕೈಯನ್ನ ಕಾಯ್ತು. ಅವರನ್ನ ಯಾರು ಕಾದ್ರು? ಒಬ್ಬರಿಂದ ಒಬ್ಬರಿಗೆ ಹೋಗುವಾಗ ಬದಲಾಯಿಸಬೇಕು, ಕೈ ತೊಳೀಬೇಕು. ಪಾಠದಲ್ಲೇ ಹೇಳಿದ್ದೆ. ನೀವು ಜೋಕು ಹೇಳ್ತಾ ಇದ್ರಿ."

ಆಮೇಲೆ ಲಿಫ್ಟಿನೊಳಗೆ ದೀಪ ಹಿಡಿದರು. ಮೂರರ ಗುಂಡಿ ಹೊಳೆಯಿತು. ನಾಲ್ಕರದೂ ಹೊಳೆಯಿತು.

"ಮೇಷ್ಟ್ರೇ, ನಿಮ್ಮ ಡ್ಯೂಟಿ ಮೂರರಲ್ಲಿ ತಾನೇ?"

ತರ್ಕಶಾಸ್ತ್ರದವನಿಗೆ ಉತ್ತರ ಹೊಳೆಯಲಿಲ್ಲ. ಗುಂಡಿ ಹೊಳೆಯುತ್ತಿತ್ತು.

ನನ್ನ ಕೈ ತೊಳೆಸಿ, ಹೊಸ ಗೌನು ತೊಡಿಸಿ, ಅಕ್ಕನ ಕೋಣೆಗೆ ಕರೆದೊಯ್ದರು. ಪರದೆ ಎಳೆದರು. ಅಕ್ಕ ಅರೆಗಣ್ಣು ತೆರೆದು, "ಯಾರದು, ಕಳ್ಳರ ಹಾಗೆ ದೀಪ ಹಿಡ್ಕೊಂಡು?" ಎಂದಳು.

"ಕಳ್ಳ ಒಬ್ಬನೇ ಅಮ್ಮ. ನಾನು ಪೊಲೀಸು."

ಮಂಚದ ಕಂಬಿ. ಲೋಟ. ಕನ್ನಡಕದ ಎರಡು ಕಡ್ಡಿ. ದಿಂಬಿನ ಅಂಚು. ಕೊನೆಗೆ ಅವಳ ತುಟಿಯ ಪಕ್ಕ, ಇವತ್ತು ಬೆಳಿಗ್ಗೆಯೂ ಕದ್ದು ಬಂದು ನೀರು ಕುಡಿಸಿ ಒರೆಸಿದ ಕಡೆ, ನನ್ನ ಹೆಬ್ಬೆರಳಿನಷ್ಟು ಅಗಲದ ಹಸಿರು.

ಇದರಲ್ಲಿ ನನ್ನ ಕೈವಾಡವಿತ್ತು ಎಂದು ಬರೆದು ನಗಬೇಕೆಂದುಕೊಂಡಿದ್ದೆ. ಬರೆದೆ.

ನಂಜಮ್ಮ ಒದ್ದೆ ಬಟ್ಟೆಯಿಂದ ಅವಳ ಮುಖ ಒರೆಸಿದರು. ಹೊರಗೆ ಬಂದ ಮೇಲೆ, "ಇದು ಬರೀ ಪುಡಿ, ಏನೂ ಆಗಲ್ಲ," ಎಂದರು. "ಪುಡಿ ಹೊಳೆಯುತ್ತೆ. ಬೇರೇದು ಹೊಳೆಯಲ್ಲ. ಅದೇ ಮೇಷ್ಟ್ರೇ ತೊಂದರೆ."

ಮಾರ್ಚ್ 11, ಮಂಗಳವಾರ

ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

"ನಿಮ್ಮ ಅಕ್ಕ ಅಂತ ಮೊದಲ ದಿನವೇ ಗೊತ್ತಿತ್ತು. ಮೂಗು ಒಂದೇ ಅಚ್ಚು. ನಿಮ್ಮನ್ನ ಮೂರಕ್ಕೆ ಹಾಕಿದ್ದೇ ಅದಕ್ಕೆ."

"ಹಾಗಾದರೆ ನನ್ನನ್ನು ಕಳಿಸಿಬಿಡಿ."

"ಕಳಿಸಿದ್ರೆ ನಾಲ್ಕು ಗಂಟೆಗೆ ವಿಸಿಟರ್ ಆಗಿ ಬರ್ತೀರ. ಅದಕ್ಕಿಂತ ನಾಳೆಯಿಂದ ನಾಲ್ಕನೇ ಮಹಡಿ ಬಾಗಿಲಲ್ಲಿ ಸಿಂಕ್ ಇದೆಯಲ್ಲ, ಅದರ ಪಕ್ಕ ನಿಲ್ಲಿ. ಒಳಗೆ ಹೋಗೋರು ಯಾರೇ ಆಗಲಿ, ಕೈ ತೊಳೆಯದೆ ಬಿಡಬಾರದು. ನೀವು ಮಾತ್ರ ನಾನು ಹೇಳೋವರೆಗೆ ಒಳಗೆ ಹೋಗೋಹಾಗಿಲ್ಲ, ನಾಲ್ಕು ಗಂಟೆಗೂ."

ಸೋಂಕಿಗೆ ಸಿಂಕೇ ಮದ್ದು ಎಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.

ಮಾರ್ಚ್ 13, ಗುರುವಾರ

ಎರಡು ದಿನ ಸಿಂಕಿನ ಪಕ್ಕ. ಕಾಲು ಕಂಬವಾಗಿದೆ. ನಲ್ಲಿಯ ಸದ್ದು ಮನೆಗೆ ಬಂದ ಮೇಲೂ ಕಿವಿಯಲ್ಲೇ ಹರಿಯುತ್ತದೆ.

ಜನ ಕೈ ತೊಳೆಯದಿರಲು ಕೊಡುವ ಕಾರಣಗಳನ್ನು ಸೇರಿಸಿದರೆ ತರ್ಕದೋಷಗಳ ಪಠ್ಯಪುಸ್ತಕವಾಗುತ್ತದೆ. "ಈಗ ತಾನೇ ಸ್ನಾನ ಮಾಡಿ ಬಂದೆ." "ನಾನು ಏನನ್ನೂ ಮುಟ್ಟಲ್ಲ, ಸುಮ್ನೆ ನೋಡಿ ಬರ್ತೀನಿ." "ನಿನ್ನೆ ತೊಳೆದಿದ್ನಲ್ಲ!" ಒಬ್ಬಾಕೆ, "ನನ್ನ ಗಂಡನ್ನ ಮುಟ್ಟೋಕೆ ನಿಮ್ಮ ಅಪ್ಪಣೆ ಬೇಕಾ?" ಎಂದು ರೇಗಿದರು. ಬೈಯುತ್ತಲೇ ತೊಳೆದರು. ಬೈಗುಳ ಉದ್ದ ಇದ್ದಷ್ಟೂ ಕೈ ಚೆನ್ನಾಗಿ ಸ್ವಚ್ಛವಾಗುತ್ತದೆ. ತೊಳೆಯಬೇಕಾದ ಅರ್ಧ ನಿಮಿಷಕ್ಕೆ ಬೇರೆ ಗಡಿಯಾರ ಬೇಡ.

ಹನ್ನೊಂದಕ್ಕೆ ದೊಡ್ಡ ಡಾಕ್ಟರು ಬಂದರು, ಹಿಂದೆ ಆರು ವಿದ್ಯಾರ್ಥಿಗಳ ರೈಲು. ಸಿಂಕು ದಾಟಿ ನಡೆದರು. ಅಡ್ಡ ನಿಂತೆ.

"ನಾನು ಯಾರು ಗೊತ್ತೇನ್ರೀ?"

"ನೀವು ಗೊತ್ತು ಸರ್. ನಿಮ್ಮ ಕೈ ಎಲ್ಲೆಲ್ಲಿ ಹೋಗಿ ಬಂತು ಅಂತ ಗೊತ್ತಿಲ್ಲ."

ರೈಲು ನಿಂತಿತು. ಅವರು ತೋಳು ಮಡಚಿ ತೊಳೆದರು. ಆರು ಮಕ್ಕಳೂ ತೊಳೆದರು. ಕೊನೆಯ ಹುಡುಗಿ ಬೆರಳ ತುದಿ ಬಿಟ್ಟಳು. ವಾಪಸ್ಸು ಕರೆದೆ.

ಬಾಗಿಲ ಗಾಜಿನಿಂದ ಅಕ್ಕನ ಮಂಚದ ಅರ್ಧ ಕಾಣುತ್ತದೆ. ಕಾಲಿನ ಅರ್ಧ.

ಮಾರ್ಚ್ 16, ಭಾನುವಾರ

ಬಿಳಿ ಕಣ ಇನ್ನೂರು. ನನ್ನಂಥವನಿಗೆ ನಾಲ್ಕು ಸಾವಿರದ ಮೇಲೆ ಇರುತ್ತದಂತೆ. ಎರಡು ಸಾವಿರ ಅವಳಿಗೆ ಕೊಡಲು ಬರುವುದಿಲ್ಲವೇ ಎಂದು ಕೇಳಿದೆ. ಬರುವುದಿಲ್ಲ.

ಕೂದಲು ದಿಂಬಿನ ಮೇಲೆ ಬಿದ್ದಿದೆಯಂತೆ. ಫೋನಿನಲ್ಲಿ ಹೇಳಿದಳು: "ಜೀವನವೆಲ್ಲ ಬೇರೆಯವರ ಬಟ್ಟೆಯ ದಾರ ಆರಿಸಿದ್ದೆ. ಈಗ ನನ್ನದೇ ಆರಿಸ್ತಿದೀನಿ."

"ಮಾಸ್ಕ್ ಹಾಕ್ಕೊಂಡಿದೀಯಾ?" ಎಂದೆ.

"ಫೋನಲ್ಲೂ ಶುರು ಮಾಡಿದ್ಯಾ!"

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಕೆರೆತ.

ಧೂಳು ಎಂದುಕೊಂಡೆ. ಹಲ್ಲುಜ್ಜುವಾಗ ಕೆಮ್ಮಿದೆ, ನೊರೆ ನೆತ್ತಿಗೇರಿತು ಎಂದುಕೊಂಡೆ. ಬಸ್ಸಿನಲ್ಲಿ ಎರಡು ಸಲ; ಡೀಸೆಲ್ ಹೊಗೆ. ನಾನು ಬಾಗಿಲ ಹೊರಗೆ ತಾನೇ ನಿಲ್ಲುವುದು, ಮಾಸ್ಕು ಇದೆ, ಗಾಜು ಇದೆ, ಮತ್ತೆ ಅರ್ಧ ಕಾಲಾದರೂ ಕಾಣುತ್ತದೆ. ಮೂರು ಆಧಾರವಾಕ್ಯ, ಒಂದು ತೀರ್ಮಾನ. ಆಸ್ಪತ್ರೆಯ ಗೇಟಿನವರೆಗೂ ನಡೆದೆ. ಇಡೀ ತರ್ಕದಲ್ಲಿ ತಪ್ಪೆಲ್ಲಿದೆ ಎಂದು ಗೇಟಿನಲ್ಲಿ ನಿಂತು ಹುಡುಕಿದೆ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ: ತೀರ್ಮಾನ ಮೊದಲೇ ಬರೆದು ಆಧಾರ ಹುಡುಕಿದ್ದಾನೆ.

ಗೇಟಿನಿಂದಲೇ ನಂಜಮ್ಮನಿಗೆ ಫೋನ್ ಮಾಡಿದೆ.

"ಜ್ವರ?"

"ಇಲ್ಲ. ಕೆರೆತ, ಕೆಮ್ಮು."

"ಮನೆಗೆ ಹೋಗಿ. ಕೆಮ್ಮು ಪೂರ್ತಿ ನಿಂತು ಎರಡು ದಿನ ಆಗೋವರೆಗೆ ಬರಬೇಡಿ. ಮೇಷ್ಟ್ರೇ, ಹೇಳಿದ್ರಲ್ಲ, ಒಳ್ಳೇದಾಯ್ತು."

ಸಿಂಕಿಗೆ ಇವತ್ತು ಪೋಸ್ಟ್ ಮಾಸ್ತರು ನಿಂತಿದ್ದಾರಂತೆ.

ಮಾರ್ಚ್ 19, ಬುಧವಾರ

ಮೂಗು ಸೋರುತ್ತಿದೆ. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ನೆಗಡಿಗೆ ಹೆದರಿ ಮನೇಲಿ ಕೂತ್ಯಾ? ಚಿಕ್ಕವನಿದ್ದಾಗ ಒಂದು ತಿಂಗಳು ಮೂಗು ಸುರಿಸ್ಕೊಂಡು ನನ್ನ ಸೆರಗಿಗೆ ಒರೆಸ್ತಿದ್ದೆ. ಆಗ ನಾನು ಸತ್ತೆನಾ?"

"ಆಗ ನಿನಗೆ ಬಿಳಿ ಕಣ ಇತ್ತು ಅಕ್ಕ."

"ಈಗ ತಮ್ಮ ಇಲ್ಲ."

ಕೆಮ್ಮು ಬಂತು. ಫೋನ್ ಇಟ್ಟೆ.

ಮಾರ್ಚ್ 21, ಶುಕ್ರವಾರ

ಅಕ್ಕನಿಗೆ ಜ್ವರ. ನೂರಾ ಮೂರು. ಕಣ ನೂರು.

ನಂಜಮ್ಮ ಫೋನ್ ಮಾಡಿದ್ದರು. ಎರಡು ಬಗೆಯ ಆ್ಯಂಟಿಬಯಾಟಿಕ್ ಹಾಕಿದ್ದಾರೆ. ಎಲ್ಲಿಂದ ಬಂತು ಎಂದು ಕೇಳಿದೆ.

"ಗೊತ್ತಾಗಲ್ಲ ಮೇಷ್ಟ್ರೇ. ಎಷ್ಟೋ ಸಲ ಅವರ ಹೊಟ್ಟೆಯೊಳಗೇ ಇದ್ದದ್ದು ಏಳುತ್ತೆ."

"ನನ್ನಿಂದ?"

"ನೀವು ಒಳಗೆ ಹೋಗಿ ಹತ್ತು ದಿನ ಮೇಲಾಯ್ತು."

"ಆದರೂ."

"ಆದ್ರೂ ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ."

ಮಾರ್ಚ್ 22, ಶನಿವಾರ

ಮಧ್ಯಾಹ್ನ ಮೂರಕ್ಕೆ ದೊಡ್ಡ ಡಾಕ್ಟರೇ ಫೋನ್ ಮಾಡಿದರು. ಅಕ್ಕನ ರಕ್ತದೊತ್ತಡ ಇಳಿಯುತ್ತಿದೆ. ಇವತ್ತು, ನಾಳೆ ದಾಟಬೇಕು. ದಾಟುತ್ತಾರೆಂದು ಹೇಳಲಾರೆ ಎಂದರು.

"ನಿಮ್ಮನ್ನೇ ಕೇಳ್ತಾ ಇದಾರೆ. ಐದು ನಿಮಿಷ ಬಂದು ಹೋಗಿ. ಎರಡು ಮಾಸ್ಕ್ ಹಾಕ್ಕೊಳ್ಳಿ, ದೂರ ನಿಲ್ಲಿ. ನಾನು ಬಿಡಿಸ್ತೀನಿ."

"ನನಗೆ ಇನ್ನೂ ಕೆಮ್ಮಿದೆ ಸರ್."

"ಗೊತ್ತು. ಅದಕ್ಕೇ ನಾನೇ ಫೋನ್ ಮಾಡಿದ್ದು."

"ದಾಟೋ ಸಾಧ್ಯತೆ ಇದೆಯಾ?"

"ಇದೆ."

"ನಾನು ಬಂದರೆ ಅದು ಕಡಿಮೆ ಆಗುತ್ತಾ?"

"ಸ್ವಲ್ಪ ಆಗಬಹುದು. ಸ್ವಲ್ಪವೇ. ಆದರೆ ಮೇಷ್ಟ್ರೇ, ಆಮೇಲೆ ನೋಡೋಕೆ ಆಗದೇ ಹೋದ್ರೆ..."

ಬರುವುದಿಲ್ಲ ಎಂದೆ. ಫೋನನ್ನು ಅವಳ ಕಿವಿಯ ಹತ್ತಿರ ಹಿಡಿಸಿದರು. ಉಸಿರಿನ ಸದ್ದೇ ಹೆಚ್ಚು ಕೇಳುತ್ತಿತ್ತು.

"ಬರ್ತೀಯೇನೋ?"

"ಬರಲ್ಲ ಅಕ್ಕ."

ಅಷ್ಟೇ. ಯಾರೋ ಫೋನ್ ತೆಗೆದುಕೊಂಡರು.

ಮಾರ್ಚ್ 23, ಭಾನುವಾರ

ಫೋನ್ ಬಂದಿಲ್ಲ. ಬರದಿರುವುದೇ ಒಳ್ಳೆಯ ಸುದ್ದಿಯಂತೆ.

ಮಾರ್ಚ್ 24, ಸೋಮವಾರ

ಇದ್ದಾಳೆ. ನೂರಾ ಒಂದು. ರಕ್ತದೊತ್ತಡ ನಿಂತಿದೆ ಎಂದರು ನಂಜಮ್ಮ. ನಿಂತಿದೆ ಎಂದರೆ ಇಳಿಯುವುದು ನಿಂತಿದೆ. ಆ ಒಂದು ಪದ ಬಿಡಿಸಿ ಹೇಳುವಷ್ಟರಲ್ಲಿ ನಾನು ಗೋಡೆ ಹಿಡಿದುಕೊಂಡಿದ್ದೆ.

ಅಕ್ಕ ಫೋನ್ ತೆಗೆದುಕೊಳ್ಳುತ್ತಿಲ್ಲ. ಕೊಟ್ಟರೆ ಮುಖ ತಿರುಗಿಸುತ್ತಾಳಂತೆ.

ಬೆಳಿಗ್ಗೆ ಒಂದು ಸಲ ಕೆಮ್ಮಿದೆ. ಆಮೇಲೆ ಇಲ್ಲ.

ಮಾರ್ಚ್ 25, ಮಂಗಳವಾರ

ಕೆಮ್ಮಿಲ್ಲ. ಅವಳ ಜ್ವರ ತೊಂಬತ್ತೊಂಬತ್ತು. ಕಣ ನಾನೂರು. ಹೊಸ ಕಣಗಳು ಕಣಕ್ಕಿಳಿದಿವೆ ಎಂದೆ. ಫೋನಿನ ಆ ಕಡೆ ನಂಜಮ್ಮ ನಕ್ಕರು. ಮೊದಲ ಸಲ ಕೇಳಿದ್ದು. ಸಣ್ಣ ಸೀನಿನ ಹಾಗಿದೆ.

ಮೂಲೆ ಅಂಗಡಿಯವನು ಬ್ರೆಡ್ಡು ಸುತ್ತುವ ಮೊದಲು ಬೆರಳಿಗೆ ಎಂಜಲು ಹಚ್ಚಿ ಕಾಗದ ಎಳೆದ. ಹೇಳಿದೆ. "ಇಷ್ಟು ವರ್ಷ ಇದೇ ಬ್ರೆಡ್ ತಿಂದ್ರಲ್ಲ ಸಾರ್," ಎಂದ. ತಿಂದಿದ್ದೇನೆ. ನಿಂತು ವಿವರಿಸಿದೆ. ಹಿಂದಿದ್ದ ನಾಲ್ಕು ಜನ ಬೇರೆ ಅಂಗಡಿಗೆ ಹೋದರು.

ಮಾರ್ಚ್ 26, ಬುಧವಾರ

ಕೆಮ್ಮಿಲ್ಲ. ಎರಡನೇ ದಿನವೂ ಮುಗಿಯಿತು. ನಂಜಮ್ಮನಿಗೆ ಹೇಳಿದೆ. ನಾಳೆ ಬನ್ನಿ, ನಾಲ್ಕಕ್ಕೆ ಒಳಗೂ ಹೋಗಿ ಎಂದರು. ಮುಂದಿನ ತಿಂಗಳ ಪಾಳಿಯ ಪಟ್ಟಿಯಲ್ಲಿ ಸಿಂಕಿಗೆ ಯಾರ ಹೆಸರೂ ಇಲ್ಲವಂತೆ. ನನ್ನದು ಬರೆದುಕೊಳ್ಳಲು ಹೇಳಿದೆ, ಬೆಳಗಿನದು.

ಮಾರ್ಚ್ 27, ಗುರುವಾರ

ಕಣ ಒಂಬೈನೂರ ಐವತ್ತು. ಸಂಜೆ ನಾಲ್ಕಕ್ಕೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತೆ. ಸಿಂಕಿನ ಹತ್ತಿರ ಪೋಸ್ಟ್ ಮಾಸ್ತರು, "ನಿಮಗೂ ರಿಯಾಯಿತಿ ಇಲ್ಲ," ಎಂದು ಎರಡು ಸಲ ತೊಳೆಸಿದರು. ಸರಿಯಾಗಿಯೇ ಮಾಡಿದರು.

ಹದಿನೇಳು ದಿನದ ಮೇಲೆ ಒಳಗೆ ಹೋದದ್ದು. ಅಕ್ಕ ಕಿಟಕಿಯ ಕಡೆ ತಿರುಗಿ ಮಲಗಿದ್ದಳು. ತಲೆಗೆ ಬಟ್ಟೆ. ಭುಜ ಹ್ಯಾಂಗರಿನ ಹಾಗೆ ಎದ್ದಿತ್ತು. ಕುರ್ಚಿ ದೂರಕ್ಕೆ ಎಳೆದು ಕೂತೆ. ಇಬ್ಬರೂ ಕಿಟಕಿಯನ್ನೇ ನೋಡಿದೆವು. ಅದರಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು ಬಿಟ್ಟರೆ ಏನೂ ಇಲ್ಲ.

"ಬಂದ್ಯಾ," ಎಂದಳು, ತಿರುಗದೆ.

"ಬಂದೆ."

"ಅವತ್ತು ಕರೆದಾಗ ಬರಲಿಲ್ಲ."

"ಇಲ್ಲ."

"ಸತ್ತೇ ಹೋಗ್ತೀನಿ ಅನ್ಕೊಂಡಿದ್ದೆ."

"ನಾನೂ ಅನ್ಕೊಂಡಿದ್ದೆ."

"ಆದ್ರೂ ಬರಲಿಲ್ಲ."

"ಇಲ್ಲ ಅಕ್ಕ."

ಅವಳು ನಿಧಾನವಾಗಿ ಈ ಕಡೆ ಹೊರಳಿದಳು. ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಂಡು ಉಳಿದರ್ಧ ಹೊರಳಿದಳು. ಎದ್ದು ಹಿಡಿಯಬೇಕೆನಿಸಿತು. ಕೂತೇ ಇದ್ದೆ.

"ಎಷ್ಟು ಸಿಟ್ಟು ಬಂದಿತ್ತು ಗೊತ್ತೇನೋ ನಿನಗೆ? ಬರ್ಲಿ ಅವನು, ಎದುರಿಗೆ ನಿಲ್ಲಿಸ್ಕೊಂಡು ಬೈದೇ ಸಾಯೋದು ಅಂತ ತಡ್ಕೊಂಡೆ. ಒಂದು ದಿನ ತಡ್ಕೊಂಡೆ. ಎರಡು ದಿನ ತಡ್ಕೊಂಡೆ. ಕಾದು ಕಾದು ಜ್ವರಕ್ಕೇ ಬೇಜಾರಾಗಿ ಎದ್ದು ಹೋಯ್ತು."

"ಈಗ ಎದುರಿಗೇ ಇದೀನಲ್ಲ. ಬೈದುಬಿಡು."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆಯುವವಳ ಹಾಗೆ. ಕಣ್ಣು ಮುಚ್ಚಿಕೊಂಡಳು.

"ಈಗ ಉಸಿರಿಲ್ಲ," ಎಂದಳು. "ನಾಳೆ ಬಾ. ನಾಡಿದ್ದೂ ಬಾ. ಒಂದು ದಿನಕ್ಕೆಲ್ಲ ಮುಗಿಯೋ ಬೈಗುಳ ಅಲ್ಲ ಅದು."